ಹಸಿರು ಟಬ್ಬು

ಗ್ರೇಟರ್ ನೋಯ್ಡಾದ ನಮ್ಮ ಪಾರ್ಕಿಂಗ್‌ನಲ್ಲಿ ಕಾರಿನಡಿ ನೀರು ತೊಟ್ಟಿಕ್ಕುತ್ತಿತ್ತು. ಗಾರ್ಡ್‌ನನ್ನು ಕೇಳಿದರೆ, "ಎಸಿ ಕಾ ಪಾನಿ ಹೈ, ಸರ್‌ಜಿ" ಅಂದ. ಎಸಿ ನೀರಾದರೂ ಹಾಳಾಗಬಾರದೆಂದು ಹೆಂಡತಿ ಕೆಳಗೊಂದು ಹಸಿರು ಟಬ್ಬಿಟ್ಟು, ಊರಿಂದ ತಂದ ಕರಿಬೇವಿನ ಗಿಡಕ್ಕೆ ದಿನಾ ಹಾಕತೊಡಗಿದಳು.

ಹದಿನೈದು ದಿನ ಕಳೆದಿರಬೇಕು, ಗುರುಗ್ರಾಮದ ದಾರಿಯಲ್ಲಿ ಬಾನೆಟ್ಟಿನಿಂದ ಹಬೆ ಎದ್ದು ಕಾರು ನಿಂತೇಹೋಯಿತು. ಎಂಜಿನ್ ತಂಪಾಗಿಡುವ ಹಸಿರು ಕೂಲೆಂಟೆಲ್ಲ ಸೋರಿ ಅದು ಸುಟ್ಟಿದೆ, ಇನ್ನು ಉಳಿಯೋದಿಲ್ಲ ಅಂದ ಮೆಕ್ಯಾನಿಕ್. "ಕೆಳಗೆ ಹಸಿರು ನೀರು ಬಿದ್ದದ್ದು ಕಾಣಲಿಲ್ವಾ?" ಅಂತ ಹಿಂದಿಯಲ್ಲಿ ಕೇಳಿದ. ಹಸಿರು ಟಬ್ಬಿನಲ್ಲಿ ಹಸಿರು ನೀರು ಹೇಗೆ ಕಾಣಬೇಕು?

ಕರಿಬೇವು ಮಾತ್ರ ವಾರದ ಹಿಂದೆಯೇ ಹೇಳಿತ್ತು. ಎಲೆ ಕಪ್ಪಾಗಿ ಉದುರಿದ್ದನ್ನು ದಿಲ್ಲಿ ಬಿಸಿಲಿನ ಝಳ ಅಂದುಕೊಂಡು, ಅದೇ ಟಬ್ಬಿನಿಂದ ನಾನೇ ಇನ್ನೊಂದು ಲೋಟ ಜಾಸ್ತಿ ಹಾಕಿದ್ದೆ.