ಬಚ್ಚಿಟ್ಟುಕೊಂಡಿದ್ದಕ್ಕೂ ಕೂಲಿ

ಗುಬ್ಬಿ ರಸ್ತೆಯ ಕಾಯಿಪುಡಿ ಫ್ಯಾಕ್ಟರಿಯಲ್ಲಿ ನಾನು ಕೆಲಸಕ್ಕಿದ್ದಾಗ ನಮ್ಮದು ಎರಡು ಬಗೆಯ ದುಡಿಮೆ. ಒಂದು, ಚಿಪ್ಪು ಬಿಡಿಸಿದ ತೆಂಗಿನಕಾಯಿಯ ಕಂದು ಸಿಪ್ಪೆ ಹೆರೆಯುವುದು. ಇನ್ನೊಂದು, ಲೇಬರ್ ಇನ್‌ಸ್ಪೆಕ್ಟರ್ ಬಂದಾಗ ಹಿಂದಿನ ತೋಟದಲ್ಲಿ ಬಚ್ಚಿಟ್ಟುಕೊಳ್ಳುವುದು. ಎರಡನೆಯದು ಸುಲಭ ಅಂದುಕೊಳ್ಳಬೇಡಿ. ಕಟ್ಟಿರುವೆ ಕಚ್ಚಿದರೂ ಅಲ್ಲಿ ಕೂಗುವಂತಿರಲಿಲ್ಲ.

ಇಪ್ಪತ್ತು ಜನ ಕೆಲಸಕ್ಕಿದ್ದರೆ ಪಿ.ಎಫ್. ಕಟ್ಟಬೇಕು ಅನ್ನುವುದು ಕಾನೂನು. ಹಾಗಾಗಿ ಫ್ಯಾಕ್ಟರಿ ಸಾಹುಕಾರರ ಹಾಜರಿ ಪುಸ್ತಕದಲ್ಲಿ ಎಷ್ಟು ವರ್ಷ ಕಳೆದರೂ ಹತ್ತೊಂಬತ್ತೇ, ಸಿನಿಮಾ ನಾಯಕಿಯರ ವಯಸ್ಸಿನ ಹಾಗೆ. ಮಿಕ್ಕ ಹೆಂಗಸರು ನಾವು ಲೆಕ್ಕಕ್ಕಿಲ್ಲದವರು. ಇನ್‌ಸ್ಪೆಕ್ಟರಿಗಿಂತ ಮುಂಚೆ ಅವರು ಬರುವ ಸುದ್ದಿ ಫೋನಿನಲ್ಲಿ ಬರುತ್ತಿತ್ತು. “ಎದ್ದೇಳ್ರಮ್ಮ, ತೋಟಕ್ಕೆ” ಅಂತ ಮೇಸ್ತ್ರಿ ಕೈ ತಟ್ಟಿದರೆ ನಾವು ಊಟದ ಡಬ್ಬಿ ಸಮೇತ ಬೇಲಿ ದಾಟುತ್ತಿದ್ದೆವು.

ಹೆರೆದ ಕಾಯಿಗಷ್ಟೇ ದುಡ್ಡು, ಅಡಗಿದ ಹೊತ್ತಿಗೆ ಏನೂ ಇಲ್ಲ. ನಾನು ಅಮೃತೂರಿನಲ್ಲಿ ಸೊಪ್ಪು ಮಾರಿಕೊಂಡು ಬೆಳೆದವಳು, ಇದನ್ನು ಸುಮ್ಮನೆ ಬಿಟ್ಟೇನೆಯೇ?

“ಸಾಮಿ, ನಾವು ಅಡಗೋದು ನಿಮ್ಗೋಸ್ಕರ. ಅದುಕ್ಕೂ ಕೂಲಿ ಕೊಡ್ಬೇಕು” ಅಂದೆ.

“ಅಲ್ಲಿ ಕೂತ್ಕೊಂಡು ಹರಟೆ ಹೊಡೀತೀರಲ್ಲಮ್ಮ” ಅಂದರು ಸಾಹುಕಾರರು.

“ಸರಿ ಬುಡಿ, ಇಲ್ಲೇ ಹೊಡೀತೀವಿ. ಇನ್‌ಸ್ಪೆಕ್ಟ್ರೂ ಕೇಳಿಸ್ಕೊಳ್ಲಿ.”

ಅಂದಿನಿಂದ ತೋಟದ ಕೂಲಿ ಶುರುವಾಯಿತು. ನನ್ನ ಮಾತು ಕೇಳಿ: ಚೌಕಾಸಿಗೆ ನಿಂತಾಗ ನಿಮ್ಮ ಕಷ್ಟ ಹೇಳಬೇಡಿ, ಎದುರಿನವರ ಹೆದರಿಕೆ ಎಲ್ಲಿದೆ ನೋಡಿ. ಕಷ್ಟ ಕೇಳಿ ಲೊಚಗುಟ್ಟುವವರು ಬೇಕಾದಷ್ಟು ಸಿಗುತ್ತಾರೆ, ಕೂಲಿ ಏರಿಸುವವರು ಸಿಗುವುದಿಲ್ಲ.

ಸಾಹುಕಾರರೂ ಕಮ್ಮಿಯೇನಲ್ಲ. ಹೆಂಗಸರಿಗೆ ಬಸ್ಸು ಫ್ರೀ ಆದದ್ದೇ ತಡ, ನಮಗೆ ಕೊಡುತ್ತಿದ್ದ ಬಸ್ ಚಾರ್ಜು ನಿಲ್ಲಿಸಿದರು. ಸರ್ಕಾರ ನಮಗೆ ಕೊಟ್ಟದ್ದು ಟಿಕೆಟ್ಟಿಲ್ಲದೆ ನೇರ ಅವರ ಜೇಬಿಗೆ ಹೋಗಿ ಇಳಿಯಿತು.

ಹೀಗಿರುವಾಗ ಹೊಸದಾಗಿ ಒಬ್ಬರು ಲೇಡಿ ಇನ್‌ಸ್ಪೆಕ್ಟರ್ ಬಂದರು. ಫೋನು ಬರಲಿಲ್ಲ, ಜೀಪೇ ಬಂತು. ನಾವು ಸುಮ್ಮನೆ ಕೂತಿದ್ದರೆ ಸಾಹುಕಾರರು ಏನೋ ಒಂದು ಸುಳ್ಳು ಹೊಸೆಯುತ್ತಿದ್ದರು. ಆದರೆ ಕಾಲುಗಳಿಗೆ ಅಭ್ಯಾಸವಾಗಿತ್ತು. ಜೀಪು ಕಂಡದ್ದೇ ಎದ್ದೆವು, ಇನ್‌ಸ್ಪೆಕ್ಟರ್ ಕಣ್ಣೆದುರಿಗೇ ತೋಟಕ್ಕೆ ಓಡಿದೆವು. ಎಲ್ಲರಿಗಿಂತ ಮುಂದೆ ಗೂಳೂರಿನಿಂದ ಬರುತ್ತಿದ್ದ ನನ್ನ ಗೆಳತಿ. ಉಳಿದ ದಿನ ಮಂಡಿನೋವು ಅಂತ ಕುಂಟುವವಳು ಅಂದು ಜಿಂಕೆಯಾಗಿದ್ದಳು.

ಆ ಮೇಡಂ ನಿಧಾನವಾಗಿ ನಮ್ಮ ಹಿಂದೆಯೇ ನಡೆದು ಬಂದರು. “ಯಾಕಮ್ಮ ಓಡಿದ್ರಿ?”

“ನೀವು ಬಂದ್ರಲ್ಲ, ಅದುಕ್ಕೆ” ಅಂದಳು ಗೂಳೂರಿನವಳು.

ನೋಟೀಸು ಬಂತು. ಎಲ್ಲರನ್ನೂ ಹಾಜರಿಗೆ ಸೇರಿಸಬೇಕು, ಸರ್ಕಾರ ಗೊತ್ತು ಮಾಡಿದ ಕೂಲಿಯನ್ನೇ ಕೊಡಬೇಕು. ನಾವು ಹಿಗ್ಗಿದೆವು. ಮಾರನೆಯ ಬೆಳಿಗ್ಗೆ ಸಾಹುಕಾರರು ನಮ್ಮ ನಡುವೆ ನಿಂತು, “ಕಾನೂನ್ ಪ್ರಕಾರ ಕೊಡ್ತೀನಮ್ಮ. ಆದ್ರೆ ಎಲ್ರಿಗೂ ಕೊಡಕ್ಕಾಗಲ್ಲ. ನಿಧಾನ ಹೆರೆಯೋರು ನಾಳೆಯಿಂದ ಬರ್ಬೇಡಿ” ಅಂದರು. ಮೊದಲು ಬೆರಳು ಹೋದದ್ದು ಗೂಳೂರಿನವಳ ಕಡೆಗೆ. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ದುಡಿಯುವುದು ಅವಳ ಕೈಯೊಂದೇ. ಅವಳು ಚಾಕು ಒರೆಸಿ ಕೆಳಗಿಟ್ಟಳು. ಕೂಲಿ ಏರಿಸಲು ಬಂದ ಕಾನೂನು ಕೂಲಿಯವಳನ್ನೇ ಎತ್ತಿಕೊಂಡು ಹೊರಟಿತ್ತು.

ನಾನು ಕಾಯಿಯ ತೊಟ್ಟಿಗಳ ಕಡೆ ನೋಡಿದೆ. ಎಲ್ಲವೂ ತುಂಬಿದ್ದವು. ಚಿಪ್ಪು ಬಿಡಿಸಿದ ಕಾಯನ್ನು ಬೇಗ ಹೆರೆದು ಮೆಷಿನ್ನಿಗೆ ಹಾಕದಿದ್ದರೆ ಹುಳಿ ವಾಸನೆ ಬರುತ್ತದೆ, ಅಷ್ಟೂ ಮಾಲು ತಿಪ್ಪೆಗೆ. ಮೇಸ್ತ್ರಿಯ ಹಾಗೆ ಕೈ ತಟ್ಟಿದೆ. “ಎದ್ದೇಳ್ರಮ್ಮ, ತೋಟಕ್ಕೆ.”

ನಮ್ಮವರು ಎದ್ದರು. ಹಾಜರಿಯಲ್ಲಿದ್ದವರಿಗೂ ಆ ತೋಟ ನೋಡುವ ಆಸೆ ಬಹಳ ದಿನದಿಂದ ಇತ್ತೋ ಏನೋ, ಅವರೂ ಹಿಂದೆ ಬಂದರು.

ಬಿಸಿಲೇರಿದ ಮೇಲೆ ಸಾಹುಕಾರರು ಬೇಲಿಯ ಹತ್ತಿರ ಬಂದರು. “ಬನ್ರಮ್ಮ, ಯಾವ ಇನ್‌ಸ್ಪೆಕ್ಟ್ರೂ ಬಂದಿಲ್ಲ.”

“ಗೊತ್ತು ಸಾಮಿ. ಈ ಸಲ ನಿಮ್ಮಿಂದ ಅಡಗಿದೀವಿ” ಅಂದೆ. “ಗೂಳೂರೋಳು ಒಳಕ್ಕೆ ಬಂದ್ರೆ ಎಲ್ರೂ ಬತ್ತೀವಿ.”

“ಅವ್ಳ ಕೈ ನಿಧಾನ ಕಣಮ್ಮ.”

“ಕೈ ನಿಧಾನ, ಕಾಲು ಜೋರು. ಮೊನ್ನೆ ನೀವೇ ನೋಡುದ್ರಲ್ಲ.”

ಅಷ್ಟರಲ್ಲಿ ಗಾಳಿ ಷೆಡ್ಡಿನ ಕಡೆಯಿಂದ ಬೀಸಿತು. ಸಾಹುಕಾರರ ಮೂಗು ಅರಳಿತು. ಆ ಮೂಗೇ ನಮ್ಮ ಯೂನಿಯನ್ನು. ಎಲ್ಲರನ್ನೂ ಉಳಿಸಿಕೊಂಡರು, ಅವಳನ್ನು ಪ್ಯಾಕಿಂಗಿಗೆ ಹಾಕಿದರು. ಬದಲಿಗೆ ಮಧ್ಯಾಹ್ನದ ಟೀ ನಿಲ್ಲಿಸಿದರು. ಅದನ್ನು ನಾನು ಬಿಟ್ಟುಕೊಟ್ಟೆ. ಸೋತವರಿಗೆ ಗೆದ್ದೆ ಅಂತ ಹೇಳಿಕೊಳ್ಳಲು ಏನಾದರೂ ಒಂದು ಬಿಡಬೇಕು, ಆಗ ವ್ಯಾಪಾರ ಗಟ್ಟಿಯಾಗುತ್ತದೆ.

ಮುಂದಿನ ಸಂಬಳದ ದಿನ ಗೂಳೂರಿನವಳು ಮುಖ ಊದಿಸಿಕೊಂಡು ಬಂದಳು. “ಪಿ.ಎಫ್. ಅಂತ ನನ್ ದುಡ್ಡು ಹಿಡ್ಕೊಂಡವ್ರೆ ಕಣಕ್ಕ. ನಿನ್ ಮಾತು ಕೇಳಿ ಕೆಟ್ಟೆ.”

“ಅದು ನಿಂದೇ ಕಣೇ, ಮುಂದಕ್ಕೆ ಬತ್ತದೆ. ಅವ್ರೂ ಅಷ್ಟೇ ಸೇರುಸ್ತಾರೆ.”

“ಮುಂದಕ್ಕೆ ನಾನು ಇರ್ಬೇಕಲ್ಲ.”

ಗೇಟಿನ ಹತ್ತಿರ ಜೀಪು ನಿಂತ ಸದ್ದಾಯಿತು. ಅವಳ ಕೈ ಆಗಲೇ ಊಟದ ಡಬ್ಬಿಯ ಮೇಲಿತ್ತು. ನಾನು ಸೆರಗು ಹಿಡಿದು ಎಳೆದೆ. “ಕೂತ್ಕೊಳೇ. ಈಗ ಹಾಜರಿಲಿದೀಯ.”

ಕೂತಳು. ಡಬ್ಬಿಯಿಂದ ಕೈ ತೆಗೆದು ಕೇಳಿದಳು: “ಹಂಗಾರೆ ಇವತ್ತು ತೋಟದ್ ಕೂಲಿ ಇಲ್ವಾ?”