ಹಲಗೆಯ ಎರಡು ತುದಿ

ನಮ್ಮ ಸೋದರಮಾವನ ಕೆಲಸ ಸುತ್ತಿಗೆ ಹೊಡೆಯುವುದು. ಸಂಬಳ ಕೊಟ್ಟು ಇದನ್ನೂ ಮಾಡಿಸುತ್ತಾರಾ ಎಂದು ಕೇಳಬೇಡಿ, ಮಾಡಿಸುತ್ತಾರೆ. ಭೂಕಂಪ ದಾಖಲಿಸುವ ಯಂತ್ರ ಕೂರಿಸಿದ ಕಡೆಯಲ್ಲೆಲ್ಲ ಕೆಳಗಿನ ಮಣ್ಣು ಗಟ್ಟಿಯೋ ಮೆತ್ತಗೋ ತಿಳಿಯಬೇಕು. ಅದಕ್ಕೆ ಹಲಗೆಯೊಂದರ ಮೇಲೆ ಜೀಪು ಹತ್ತಿಸಿ, ಈ ತುದಿಗೊಂದು ಏಟು, ಆ ತುದಿಗೊಂದು ಏಟು. ಮಣ್ಣನ್ನು ಅಡ್ಡಡ್ಡ ಅಲುಗಿಸುತ್ತಾ ಓಡುವ ಅಲೆ ಗಟ್ಟಿ ನೆಲದಲ್ಲಿ ಬೇಗ ಮುಟ್ಟುತ್ತದೆ, ಮೆತ್ತನೆಯದರಲ್ಲಿ ನಿಧಾನ. ಒಂದೇ ಕಡೆ ಹೊಡೆದರೆ ಆ ಅಲೆಯನ್ನು ಗುರುತಿಸುವುದು ಕಷ್ಟ.

ಈ ಚಾಳಿಯನ್ನು ಮಾವ ಮನೆಗೂ ತಂದರು. ಅತ್ತೆಗೆ ಬೈದರೆ ಸಾಕು, ನೆಟ್ಟಗೆ ಒಳಕೋಣೆಗೆ ಹೋಗಿ, ತಮ್ಮ ಪಾಡಿಗೆ ಕೂತ ಅಜ್ಜಿಗೂ, ಅಂದರೆ ಹೆತ್ತ ತಾಯಿಗೂ, ಅಷ್ಟೇ ಬೈಯುವರು. ಇದಕ್ಕೆ ನ್ಯಾಯ ಎಂದು ಹೆಸರು ಬೇರೆ.

ಮೊನ್ನೆ ಜೀಪಿನ ಕೀ ಕಾಣಲಿಲ್ಲ. ಅತ್ತೆಗೆ ಆಯಿತು, ಅಜ್ಜಿಗೂ ಆಯಿತು. ಬೈದು ಸುಸ್ತಾಗಿ ಬೆವರು ಒರೆಸಲು ಕರವಸ್ತ್ರ ಎಳೆದರೆ, ಅವರ ಜೇಬಿನಿಂದಲೇ ಕೀ ಠಣ್ಣನೆ ಬಿತ್ತು.

"ಎರಡೂ ತುದಿಗೆ ಹೊಡೆದಾಯ್ತಲ್ಲಪ್ಪ," ಎಂದರು ಅಜ್ಜಿ. "ಏನು ಗೊತ್ತಾಯ್ತು?"

ಮಾವ ಬಗ್ಗಿ ಕೀ ಎತ್ತಿಕೊಂಡರು. ಉತ್ತರ ಬಂದದ್ದು ಅಡುಗೆಮನೆಯಲ್ಲಿದ್ದ ಅತ್ತೆಯಿಂದ.

"ತುದಿಗಳೆರಡೂ ಗಟ್ಟಿಯಾಗಿವೆ ಅತ್ತೆ. ನಡುವೆ ಇರೋದೇ ಮೆತ್ತಗೆ, ಏನೇ ಆದ್ರೂ ನಿಧಾನವಾಗಿ ಮುಟ್ಟುತ್ತೆ."