ಪಾರೀಸನ ಮೂರನೆಯ ಬ್ರಿಜ್ಜು

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆ ತನಗಾಗಿಯೇ ಹುಟ್ಟಿದ್ದೆಂದು ಬೆಳಗಾವಿಯ ಉದ್ಯಮಬಾಗಿನಲ್ಲಿ ಲೇಥು ನಡೆಸುವ ಪಾರೀಸನೇ ನಗುತ್ತಿದ್ದ. ಅವನ ಕರೆಂಟಿನ ಗಿಟಾರು ಚೆನ್ನಾಗಿ ನುಡಿಯದಿದ್ದರೆ ತಪ್ಪೆಲ್ಲ ಬ್ರಿಜ್ಜಿನದು, ಅಂದರೆ ಗಿಟಾರಿನ ಹೊಟ್ಟೆಯ ಮೇಲೆ ತಂತಿಗಳನ್ನು ಎತ್ತಿಹಿಡಿಯುವ ಪಟ್ಟಿಯದು. ಮೊದಲಿದ್ದದ್ದು ಮರದ್ದು; ತಂತಿಯ ಬಿಗಿಗಷ್ಟೇ ನಿಲ್ಲುತ್ತಿತ್ತು, ಮೊಣಕೈ ತಾಗಿದರೆ ಸರಿದು ಬೇಸೂರು. ಆಮೇಲೆ ಹಿತ್ತಾಳೆಯದನ್ನು ಕಡೆದು ಸ್ಕ್ರೂ ಹೊಡೆದು ಕೂರಿಸಿದ. ಶ್ರುತಿ ಗಟ್ಟಿ ನಿಂತಿತು, ನಾದ ಮಾತ್ರ ಉಯ್ಯಾಲೆಯಂತೆ ತೂಗಲಿಲ್ಲ. ಬೆರಳಿನಿಂದ ತಂತಿ ಜಗ್ಗಿದರೆ ತೂಗುತ್ತದೆ, ನಿಜ. ಅದು ಬಡವರ ಕೆಲಸವೆಂದು ಸಾರಿ, ಸೈಕಲ್ ಸ್ಟ್ಯಾಂಡಿನ ಸ್ಪ್ರಿಂಗುಗಳನ್ನು ಗಿಟಾರಿನ ಬೆನ್ನೊಳಗೆ ಕಟ್ಟಿ, ಅವುಗಳ ಎಳೆತಕ್ಕೆ ಅಳ್ಳಾಡುವ ಮೂರನೆಯದನ್ನು ಮಾಡಿದ. ಅದಕ್ಕೊಂದು ಸರಳು. ಅದುಮಿದರೆ ಗಿಟಾರು ಅಳುತ್ತಿತ್ತು. ಪಕ್ಕದ ಲೇಥಿನವರು ಅಳುವುದೊಂದು ಬಾಕಿ, ಅಷ್ಟು ಸಲ ಕೇಳಿಸಿದ.

ಖಾನಾಪುರದಲ್ಲಿ ಹೆಂಚಿನ ವ್ಯಾಪಾರಿಯಾಗಿದ್ದ ಮಾವ ಧರಣೇಂದ್ರಪ್ಪನವರಿಗೆ ಬಾಜಾ ಬಾರಿಸುವ ಅಳಿಯನೆಂದರೆ ಮುಜುಗರ. ಎಂಬತ್ಮೂರನೆಯ ಇಸವಿಯಲ್ಲಿ ಕಿರಿಮಗಳ ಮದುವೆಗೆ, ಪಾರೀಸನ ಹೆಂಡತಿ ರತ್ನಮಾಲಾ ಹಟ ಹಿಡಿದದ್ದಕ್ಕೆ, ಒಂದು ಸಲ ಬಾರಿಸಲಿ ಅಂದರು. ಪಾರೀಸ ಸುಮ್ಮನಿರಬಾರದೇ? ಬೀಗರಿಗೆಲ್ಲ ಸರಳಿನ ಮಹಿಮೆ ಸಾರಿಬಿಟ್ಟ. ಇನ್ನು ಸೋತರೆ ಆ ಮನೆಯ ಹೊಸ್ತಿಲು ತುಳಿಯಲು ಮುಖವಿಲ್ಲ.

ಚಪ್ಪರದ ಹಿಂದೆ ಶ್ರುತಿ ಮಾಡುವಾಗ ಒಂದು ತಂತಿ ಹರಿಯಿತು. ಅದರ ಬಿಗಿ ಹೋದದ್ದೇ ಸ್ಪ್ರಿಂಗುಗಳು ಬ್ರಿಜ್ಜನ್ನು ತಮ್ಮ ಕಡೆ ಎಳೆದುಕೊಂಡು ಉಳಿದ ಐದೂ ಬೇಸೂರಾದವು. ಬದಲಿ ತಂತಿ ತಂದಿರಲಿಲ್ಲ, ಇದ್ದವುಗಳಲ್ಲಿ ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು. ಪಾರೀಸ ಬೆವತುಹೋದ.

“ರತ್ನಾ, ನನ್ನ ಮರ್ಯಾದಿ ಮೂರಾಬಟ್ಟಿ ಆತು.”

“ಅಳ್ಳಾಡದಂಗ ಏನರ ತುರುಕ್ರಿ,” ಎಂದು ರತ್ನಮಾಲಾ ತಾಂಬೂಲದ ತಟ್ಟೆ ಮುಂದೆ ಹಿಡಿದಳು.

ಗಿಟಾರಿನ ಬೆನ್ನಿನ ಗೂಡಿನಲ್ಲಿ, ಸ್ಪ್ರಿಂಗಿನ ಪಕ್ಕ, ಎರಡು ಇಡೀ ಅಡಿಕೆ ಬೆಣೆಯಾದವು. ಬ್ರಿಜ್ಜು ಅಲುಗದೆ ಕೂತಿತು, ಶ್ರುತಿ ನಿಂತಿತು. ಸರಳೂ ಸತ್ತಿತು. ಬೀಗರೋ ಆ ಸರಳನ್ನೇ ನೋಡಲು ಮುಂದಿನ ಜಮಖಾನೆಯ ಮೇಲೆ ಕೂತಿದ್ದರು.

ಪಾರೀಸ ಬಲಗೈಯಲ್ಲಿ ತಂತಿ ಮೀಟಿ, ಅದೇ ಕೈಯಿಂದ ಸತ್ತ ಸರಳನ್ನು ಗತ್ತಿನಲ್ಲಿ ಅದುಮಿದಂತೆ ನಟಿಸಿದ. ಬಡವರ ಕೆಲಸವನ್ನೆಲ್ಲ ಎಡಗೈ ಬೆರಳುಗಳು ಮಾಡಿದವು. ಜಗ್ಗಿ ಜಗ್ಗಿ ಚರ್ಮ ಸುಲಿಯಿತು. ಗಿಟಾರು ಮಾತ್ರ ಹಿಂದೆಂದೂ ಹಾಗೆ ಅತ್ತಿರಲಿಲ್ಲ.

ಮುಗಿದ ಮೇಲೆ ಧರಣೇಂದ್ರಪ್ಪನವರು ಬಂದು ಅವನ ಬಲಗೈ ಹಿಡಿದು ಎಲ್ಲರಿಗೂ ತೋರಿಸಿದರು.

“ಖರೇ ಕಸಬು ಈ ಕೈಯಾಗ ಐತಿ ನೋಡ್ರಿ. ನಮ್ಮ ಅಳಿಯಂದ್ರು.”

ಅಳಿಯ ಅನ್ನುವ ಮಾತು ಅವರ ಬಾಯಲ್ಲಿ ಅದೇ ಮೊದಲು. ಪಾರೀಸನ ಕಣ್ಣು ತುಂಬಿತು. ಏನೂ ಮಾಡದ ಕೈಗೆ ಸನ್ಮಾನ ಸಿಕ್ಕಿತಲ್ಲ ಎಂದು ನಗುವೂ ಬಂತು. ಎಡಗೈಯನ್ನು ಬೆನ್ನ ಹಿಂದೆ ಮರೆಮಾಡಿದ.

ಹಿಂದಿನಿಂದ ಯಾರೋ ಆ ಕೈ ಹಿಡಿದರು. ತಿರುಗಿದರೆ ತುಪ್ಪದ ಬಟ್ಟಲು ಹಿಡಿದ ರತ್ನಮಾಲಾ.

“ಸುಮ್ನ ನಿಂದರ್ರಿ,” ಎಂದು ಮೆಲ್ಲಗೆ ಹೇಳಿ, ಒಂದೊಂದೇ ಬೆರಳಿಗೆ ತುಪ್ಪ ಹಚ್ಚತೊಡಗಿದಳು.